ಹೊಸದುರ್ಗದ ಮತದಾರರೂ ಶ್ರೀ ನಿಜಲಿಂಗಪ್ಪನವರೂ

ಬಾಗೂರಿನ ವಾಚಕ ಮಹಾಶಯರೊಬ್ಬರು ನಮಗೊಂದು ಪತ್ರವನ್ನು ಬರೆದಿರುವರು. ಪತ್ರ ಚಿಕ್ಕದು; ಅದರಲ್ಲಿ ಎತ್ತಿರುವ ಪ್ರಶ್ನೆ ಚಿಕ್ಕದಲ್ಲ. ಅವರು ಕಾರ್ಯನಿಮಿತ್ತ ದುರ್ಗಕ್ಕೆ ಹೋದಾಗಲೆಲ್ಲ ಅಲ್ಲಿನ ಸ್ನೇಹಿತರು, 'ಕರ್ನಾಟಕದ ಮೊದಲ ಮುಖ್ಯಮಂತ್ರಿಯನ್ನೇ ಸೋಲಿಸಿದ ತಾಲ್ಲೂಕಿನವರಲ್ಲವೇ ನೀವು?' ಎಂದು ಹಾಸ್ಯ ಮಾಡುವರಂತೆ. ಹಾಸ್ಯವೇ ಆದರೂ ಮನಸ್ಸಿಗೆ ಚುಚ್ಚುವುದಂತೆ. ೧೯೬೨ನೆಯ ಇಸವಿಯಲ್ಲಿ ಹೊಸದುರ್ಗದವರು ಶ್ರೀ ಎಸ್. ನಿಜಲಿಂಗಪ್ಪನವರನ್ನು ಸೋಲಿಸಿದುದು ತಾಲ್ಲೂಕಿಗೆ ಅಂಟಿದ ಕಳಂಕವೋ ಅಲ್ಲವೋ ಎಂಬುದನ್ನು ನಾವು ಮುಚ್ಚುಮರೆಯಿಲ್ಲದೆ ಬರೆಯಬೇಕೆಂದು ಅವರ ಅಪೇಕ್ಷೆ.

ಕಳಂಕವಲ್ಲವೆಂಬುದೇ ನಮ್ಮ ಅಭಿಪ್ರಾಯ. ಆದರೆ ಇಷ್ಟನ್ನೇ ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಅದು ಊರಿನವರ ಅಭಿಮಾನದ ಮಾತಾಗುವುದೇ ಹೊರತು ಉತ್ತರವಾಗಲಾರದು. ಸೋತವರು ಯಾರು, ಸೋಲಿನ ಬಳಿಕ ಏನಾಯಿತು, ಸೋತವರನ್ನು ಮತ್ತೆ ಎತ್ತಿ ನಿಲ್ಲಿಸಿದವರು ಎಲ್ಲಿಯವರು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಈ ಸಂಗತಿಯ ನಿಜವಾದ ತೂಕ ತಿಳಿಯುವುದು.

ಶ್ರೀ ನಿಜಲಿಂಗಪ್ಪನವರು ಹುಟ್ಟಿದುದು ೧೯೦೨ನೆಯ ಡಿಸೆಂಬರ್ ೧೦ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಿಲು ಗ್ರಾಮದಲ್ಲಿ. ಆ ಊರು ಆಗ ಬಳ್ಳಾರಿ ಜಿಲ್ಲೆಗೆ, ಎಂದರೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಎಳೆತನದಲ್ಲಿಯೇ ಪಿತೃವಿಯೋಗವಾಯಿತು. ದಾವಣಗೆರೆಯಲ್ಲಿ ಓದು ನಡೆಯಿತು. ಅದು ಮೈಸೂರು ಸಂಸ್ಥಾನ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ೧೯೨೪ರಲ್ಲಿ ಬಿ.ಎ. ಪದವಿಯನ್ನು ಪಡೆದು, ಪುಣೆಗೆ ಹೋಗಿ ೧೯೨೬ರಲ್ಲಿ ಕಾನೂನು ಮುಗಿಸಿದರು. ಅದು ಮುಂಬಯಿ ಪ್ರಾಂತ. ತಿರುಗಿ ಬಂದು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಹಿಡಿದರು. ಇಪ್ಪತ್ತೈದು ವರ್ಷ ತುಂಬುವುದರೊಳಗೆ ಮೂರು ಸರ್ಕಾರಗಳ ಆಡಳಿತವನ್ನು ಕಂಡ ಕನ್ನಡಿಗನೊಬ್ಬನಿಗೆ, ಒಂದೇ ಮಾತನ್ನಾಡುವ ಜನರ ನಡುವೆ ಈ ಸುಂಕದ ಕಟ್ಟೆಗಳು ಏತಕ್ಕೆ ಎಂಬ ಪ್ರಶ್ನೆ ಹುಟ್ಟದಿದ್ದರೆ ಅದೇ ಆಶ್ಚರ್ಯ. ಹರಿಹರದ ಬಳಿ ಹೊಳೆ ದಾಟಿದರೆ ಬೇರೆ ಸರ್ಕಾರ. ಹೊಳೆಯ ಈಚೆ ದಡದಲ್ಲಿಯೂ ಆಚೆ ದಡದಲ್ಲಿಯೂ ಅದೇ ಜೋಳದ ರೊಟ್ಟಿ, ಅದೇ ವಚನ, ಅದೇ ಜಾತ್ರೆ.

ವಕೀಲರಾಗಿ ಅವರು ಸುಖವಾಗಿ ಇರಬಹುದಾಗಿತ್ತು. ೧೯೩೬ರ ಸುಮಾರಿಗೆ ಹಿಂದುಸ್ಥಾನೀ ಸೇವಾದಳದ ಡಾಕ್ಟರ್ ನಾ.ಸು. ಹರ್ಡೀಕರರ ಸಂಪರ್ಕವಾಯಿತು, ಕಾಂಗ್ರೆಸಿನ ಕೆಲಸ ಹತ್ತಿತು. ೧೯೩೯ರಲ್ಲಿ ದುರ್ಗದ ಬಳಿಯ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡದ ಮೂಲವಾದ ಈಚಲ ಮರಗಳನ್ನು ಕಡಿಯುವುದೇ ಆ ಸತ್ಯಾಗ್ರಹದ ಕ್ರಮ. ಸರ್ಕಾರದ ಅಬಕಾರಿ ಹುಟ್ಟುವಳಿಗೆ ಕೊಡಲಿಯ ಪೆಟ್ಟು ಬಿದ್ದಂತಾಯಿತು. ಒಕ್ಕಲು ಮಕ್ಕಳಿಗೆ ಕಾಂಗ್ರೆಸ್ ಎಂದರೇನೆಂಬುದು ಯಾವ ಭಾಷಣದಿಂದಲೂ ತಿಳಿಯದಷ್ಟು ಚೆನ್ನಾಗಿ ತಿಳಿಯಿತು. ಈ ಸಂಬಂಧದಲ್ಲಿ ನಿಜಲಿಂಗಪ್ಪನವರು ಸೆರೆಮನೆ ಸೇರಿದರು. ೧೯೪೨ರ ಚಳವಳಿಯಲ್ಲಿ ಮತ್ತೊಮ್ಮೆ ಹೋದರು. ೧೯೪೫ರಲ್ಲಿ ಮೈಸೂರು ಕಾಂಗ್ರೆಸಿನ ಅಧ್ಯಕ್ಷರಾದರು. ಅದರ ಮುಂದಿನ ವರ್ಷದಿಂದ ಕರ್ನಾಟಕ ಪ್ರಾಂತಿಕ ಕಾಂಗ್ರೆಸಿನ ಅಧ್ಯಕ್ಷತೆಯನ್ನು ವಹಿಸಿಕೊಂಡು ಅನೇಕ ವರ್ಷ ನಡೆಯಿಸಿದರು.

ಇಲ್ಲಿ ಒಂದು ವಿಷಯವನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಕೋರುವೆವು. ಭಾರತದ ರಾಜ್ಯಾಂಗ ರಚನಾಸಭೆಗೆ ನಿಜಲಿಂಗಪ್ಪನವರು ಹೋದುದು ಮುಂಬಯಿ ಪ್ರಾಂತದ ಪ್ರತಿನಿಧಿಯಾಗಿ. ಸರದಾರ ಪಟೇಲರು, ಶ್ರೀ ಮಾವಳಂಕರರು, ಶ್ರೀ ರಂಗರಾವ್ ದಿವಾಕರರು ಮೊದಲಾದವರ ಹೆಸರುಗಳಿದ್ದ ಪಟ್ಟಿಯಲ್ಲಿಯೇ ಚಿತ್ರದುರ್ಗದ ಈ ವಕೀಲರ ಹೆಸರೂ ಇತ್ತು. ಕಾಂಗ್ರೆಸು ೧೯೨೦ರ ನಾಗಪುರ ಅಧಿವೇಶನದಿಂದಲೂ ಕರ್ನಾಟಕವನ್ನು ಒಂದು ಪ್ರಾಂತವೆಂದು ತನ್ನ ಲೆಕ್ಕದಲ್ಲಿ ಇಟ್ಟುಕೊಂಡಿತ್ತಾದುದರಿಂದ, ಸರ್ಕಾರದ ನಕಾಶೆಯಲ್ಲಿ ಇಲ್ಲದ ನಾಡು ಕಾಂಗ್ರೆಸಿನ ದಫ್ತರಿನಲ್ಲಿ ಇತ್ತು. ಧಾರವಾಡ, ಬೆಳಗಾವಿ, ಬಿಜಾಪುರಗಳ ಜನರು ಮೈಸೂರು ಸೀಮೆಯವರೊಬ್ಬರನ್ನು ತಮ್ಮವರೆಂದು ಒಪ್ಪಿಕೊಂಡುದು ೧೯೬೨ರಲ್ಲಿ ಅಲ್ಲ. ಅದಕ್ಕೆ ಹದಿನಾರು ವರ್ಷಗಳ ಹಿಂದೆಯೇ.

ಏಕೀಕರಣದ ಕಥೆಯನ್ನು ನಾವು ಇಲ್ಲಿ ವಿಸ್ತರಿಸಹೋಗುವುದಿಲ್ಲ. ಅದನ್ನು ಬಲ್ಲವರು ಬಹಳ. ಆದರೆ ಹಳೆಯ ಮೈಸೂರಿನಲ್ಲಿ ಏಕೀಕರಣಕ್ಕೆ ಇದ್ದ ವಿರೋಧವನ್ನು ಈಚಿನವರು ಮರೆತಿರುವರು. ನಮ್ಮಲ್ಲಿ ವಿದ್ಯುತ್ತಿದೆ, ಕೈಗಾರಿಕೆಯಿದೆ, ವಿಶ್ವವಿದ್ಯಾನಿಲಯವಿದೆ. ಅವರೊಡನೆ ಸೇರಿದರೆ ನಮ್ಮ ಗಂಟು ಕರಗುವುದು ಎನ್ನತಕ್ಕವರು ಇದ್ದರು. ಜಾತಿಯ ಲೆಕ್ಕವನ್ನು ಹಾಕಿ ಹೆದರಿದವರೂ ಇದ್ದರು. ಎರಡು ಕನ್ನಡ ರಾಜ್ಯಗಳಾಗಲಿ ಎಂಬ ವಾದವೂ ಹೊರಟಿತ್ತು. ಮುಖ್ಯಮಂತ್ರಿ ಶ್ರೀ ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯವರ ಅಸಮಾಧಾನವನ್ನು ಲೆಕ್ಕಿಸದೆ ಏಕೀಕರಣದ ಪಕ್ಷವನ್ನು ಹಿಡಿದರು. ಅದರ ಬೆಲೆಯನ್ನೂ ತೆತ್ತರು. ೧೯೫೬ನೆಯ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಅದರ ಮೊದಲ ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದವರು ನಿಜಲಿಂಗಪ್ಪನವರು. ಎರಡು ಕಡೆಯವರೂ ಒಪ್ಪಬಹುದಾದ ಮನುಷ್ಯನೊಬ್ಬನು ಬೇಕಾಗಿದ್ದ ಕಾಲದಲ್ಲಿ, ಮದರಾಸು ಪ್ರಾಂತದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬದುಕಿ, ಮುಂಬಯಿ ಪ್ರಾಂತದ ಪರವಾಗಿ ರಾಜ್ಯಾಂಗ ಸಭೆಯಲ್ಲಿ ಕುಳಿತವರು ದೊರೆತುದು ನಾಡಿನ ಪುಣ್ಯವೆಂದೇ ಹೇಳಬೇಕು.

ಇನ್ನು ಜಿಲ್ಲೆಯ ವಿಷಯ. ೧೯೫೨ರ ಮೊದಲ ಮಹಾಚುನಾವಣೆಯಲ್ಲಿ ಚಿತ್ರದುರ್ಗದವರು ಅವರನ್ನು ಲೋಕಸಭೆಗೆ ಕಳುಹಿಸಿದ್ದರು. ೧೯೫೭ರಲ್ಲಿ ಮೊಳಕಾಲ್ಮೂರಿನವರು ವಿಧಾನಸಭೆಗೆ ಆರಿಸಿದರು. ಆದರೆ ಅದೇ ೧೯೫೭ರಲ್ಲಿ ಅವರು ಬಿಟ್ಟುಬಂದ ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಗೆದ್ದವರು ಪ್ರಜಾ ಸಮಾಜವಾದಿ ಪಕ್ಷದ ಶ್ರೀ ಜೆ. ಮಹಮದ್ ಇಮಾಮರು. ರಾಜ್ಯದ ಮುಖ್ಯಮಂತ್ರಿಯ ಸ್ವಂತ ಜಿಲ್ಲೆಯಲ್ಲಿ, ಮುಖ್ಯಮಂತ್ರಿಯೇ ಹಿಂದೆ ಕುಳಿತಿದ್ದ ಸ್ಥಾನಕ್ಕೆ, ವಿರೋಧ ಪಕ್ಷದವರು, ಅದರಲ್ಲಿಯೂ ಜಗಳೂರಿನ ಮುಸಲ್ಮಾನ ಗೃಹಸ್ಥರೊಬ್ಬರು ಆರಿಸಿ ಬಂದರು. ಜಾತಿಯಿಂದಲೇ ಓಟು ಬೀಳುವುದೆಂದು ಶಾಸ್ತ್ರ ಹೇಳುವ ಪಂಡಿತರು ಈ ಫಲಿತಾಂಶವನ್ನು ಯಾವ ಕೋಷ್ಟಕದಲ್ಲಿ ಬರೆದುಕೊಳ್ಳುವರೋ ನಾವರಿಯೆವು. ಚಿತ್ರದುರ್ಗದ ಜನ ದೊಡ್ಡವರ ಮುಖವನ್ನು ನೋಡಿ ಮತ ಹಾಕುವ ಜನರಲ್ಲವೆಂಬುದು ಹೊಸದುರ್ಗದ ತೀರ್ಪಿಗೆ ಐದು ವರ್ಷ ಮೊದಲೇ ತಿಳಿದಿದ್ದ ಸಂಗತಿ.

೧೯೫೮ರ ಮೇ ತಿಂಗಳಲ್ಲಿ ಪಕ್ಷದ ಒಳಜಗಳದ ದೆಸೆಯಿಂದ ನಿಜಲಿಂಗಪ್ಪನವರು ಅಧಿಕಾರವನ್ನು ಬಿಟ್ಟರು, ಶ್ರೀ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. ನಾಲ್ಕು ವರ್ಷ ಕಳೆದು ೧೯೬೨ರ ಚುನಾವಣೆ ಬಂದಾಗ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ನಿಂತರು. ಈ ಸಲ ಮತ ಹಾಕುವ ಕ್ರಮವೇ ಹೊಸದು. ಮೊದಲೆರಡು ಮಹಾಚುನಾವಣೆಗಳಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆಯಿದ್ದು, ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿದರೆ ಸಾಕಾಗಿತ್ತು. ೧೯೬೨ರಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರೂ ಗುರುತೂ ಒಂದೇ ಚೀಟಿಯಲ್ಲಿ ಅಚ್ಚಾಗಿ ಬಂದುವು. ಬೇಕಾದ ಗುರುತಿನ ಮೇಲೆ ಮುದ್ರೆಯೊತ್ತಿ ಎಲ್ಲರಿಗೂ ಸಾಮಾನ್ಯವಾದ ಪೆಟ್ಟಿಗೆಗೆ ಹಾಕಬೇಕಾಯಿತು. ಕಾಂಗ್ರೆಸಿಗೆ ನೊಗ ಹೊತ್ತ ಜೋಡೆತ್ತು, ಪ್ರಜಾ ಸಮಾಜವಾದಿಗಳಿಗೆ ಗುಡಿಸಲು. ಎತ್ತನ್ನು ಮನೆಯ ಮಗನಂತೆ ಸಾಕುವ ಸೀಮೆ ನಮ್ಮದು. ಆ ಜೋಡೆತ್ತನ್ನು ಬಿಟ್ಟು ಗುಡಿಸಲಿಗೆ ಮುದ್ರೆಯೊತ್ತಿದ ರೈತನು ಕೈತಪ್ಪಿ ಒತ್ತಿದನೆಂದು ಹೇಳಲು ಬರುವುದಿಲ್ಲ. ಎಣಿಕೆ ಮುಗಿದಾಗ ಪ್ರಜಾ ಸಮಾಜವಾದಿ ಪಕ್ಷದ ಶ್ರೀ ಜಿ.ಟಿ. ರಂಗಪ್ಪನವರು ಗೆದ್ದಿದ್ದರು, ನಿಜಲಿಂಗಪ್ಪನವರು ಸೋತಿದ್ದರು.

ರಾಜ್ಯದಲ್ಲಿ ಕಾಂಗ್ರೆಸಿಗೆ ಬಹುಮತವಿಲ್ಲದಿದ್ದರೆ ಇದು ದೊಡ್ಡ ಸುದ್ದಿಯಾಗುತ್ತಿರಲಿಲ್ಲ. ೨೦೮ ಸ್ಥಾನಗಳಲ್ಲಿ ೧೩೮ನ್ನು ಕಾಂಗ್ರೆಸು ಗೆದ್ದಿತ್ತು. ಸೈನ್ಯ ಗೆದ್ದಿದೆ, ದಳವಾಯಿ ಬಿದ್ದಿದ್ದಾನೆ ಎಂಬಂತಹ ಸ್ಥಿತಿ. ಮುಂದೇನು ಮಾಡಬೇಕೆಂಬುದಕ್ಕೆ ರಾಜ್ಯಾಂಗದಲ್ಲಿ ದಾರಿಯಿತ್ತು. ಅದರ ೧೬೪ನೆಯ ಅನುಚ್ಛೇದದ ನಾಲ್ಕನೆಯ ಖಂಡದ ಪ್ರಕಾರ ಶಾಸಕರಲ್ಲದವರೂ ಮಂತ್ರಿಗಳಾಗಬಹುದು. ಆರು ತಿಂಗಳೊಳಗೆ ಶಾಸಕರಾಗದಿದ್ದರೆ ಮಾತ್ರ ಪದವಿ ಹೋಗುವುದು. ಅದಕ್ಕೆ ಮೇಲ್ಪಂಕ್ತಿಯೂ ಇತ್ತು. ೧೯೫೨ರಲ್ಲಿ ಶ್ರೀ ಮೊರಾರ್ಜಿ ದೇಸಾಯರು ಚುನಾವಣೆಯಲ್ಲಿ ಸೋತಿದ್ದರೂ ಮುಂಬಯಿಯ ಮುಖ್ಯಮಂತ್ರಿಗಳಾಗಿದ್ದರು. ಈಚೆಗೆ ೨೦೨೧ರಲ್ಲಿ ಪಶ್ಚಿಮ ಬಂಗಾಳದ ಶ್ರೀಮತಿ ಮಮತಾ ಬ್ಯಾನರ್ಜಿಯವರು ನಂದಿಗ್ರಾಮದಲ್ಲಿ ಸೋತು, ಮುಖ್ಯಮಂತ್ರಿಗಳಾಗಿ, ಆಮೇಲೆ ಭವಾನೀಪುರದಲ್ಲಿ ಗೆದ್ದರು. ನ್ಯಾಯದ ದೃಷ್ಟಿಯಲ್ಲಿ ಇದರಲ್ಲಿ ತಪ್ಪಿಲ್ಲ.

೧೯೬೨ರ ಮೈಸೂರಿನಲ್ಲಿ ಹಾಗಾಗಲಿಲ್ಲ. ಅದುವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದ ಹುನಗುಂದದ ಶ್ರೀ ಎಸ್.ಆರ್. ಕಂಠಿಯವರು ಮಾರ್ಚ್ ೧೪ರಂದು ಮುಖ್ಯಮಂತ್ರಿಗಳಾದರು. ಬಾಗಿಲುಕೋಟೆಯಿಂದ ಆರಿಸಿ ಬಂದಿದ್ದ ಶ್ರೀ ಬಿ.ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಆ ಉಪಚುನಾವಣೆಯಲ್ಲಿ ನಿಂತು ಗೆದ್ದು ನಿಜಲಿಂಗಪ್ಪನವರು ಶಾಸಕರಾದರು. ಕಂಠಿಯವರು ಜೂನ್ ತಿಂಗಳಲ್ಲಿ ಎದ್ದು ಕುರ್ಚಿಯನ್ನು ಬಿಟ್ಟುಕೊಟ್ಟರು. ಮೂರು ತಿಂಗಳ ಮೇಲೆ ಕೆಲವು ದಿನಗಳ ಅಧಿಕಾರ. ಅದನ್ನು ಹಿಡಿದುಕೊಂಡು ಕುಳಿತುಕೊಳ್ಳಲು ಕಂಠಿಯವರಿಗೆ ಬೇಕಾದಷ್ಟು ಉಪಾಯಗಳಿದ್ದುವು. ಕುರ್ಚಿಯ ರುಚಿಯನ್ನು ಒಮ್ಮೆ ಕಂಡವರು ಅದಕ್ಕಾಗಿ ಏನೇನು ಮಾಡುವರೆಂಬುದನ್ನು ಈಚಿನ ವರ್ಷಗಳಲ್ಲಿ, ವಿಹಾರಗೃಹಗಳಲ್ಲಿ ಶಾಸಕರನ್ನು ಕೂಡಿಹಾಕುವ ಕಾಲದಲ್ಲಿ, ವಾಚಕರಿಗೆ ನಾವು ಬೇರೆ ವರ್ಣಿಸಬೇಕಾಗಿಲ್ಲ. ಕಂಠಿಯವರು ಕೊಟ್ಟ ಮಾತಿನಂತೆ ನಡೆದು, ಅದೇ ಮಂತ್ರಿಮಂಡಲದಲ್ಲಿ ಶಿಕ್ಷಣ ಮಂತ್ರಿಗಳಾಗಿ ದುಡಿದರು. ೧೯೬೩ರಲ್ಲಿ ಬಿಜಾಪುರದಲ್ಲಿ ಸ್ಥಾಪಿತವಾದ ಸೈನಿಕ ಶಾಲೆಯೊಡನೆ ಅವರ ಹೆಸರು ಸೇರಿಕೊಂಡಿರುವುದು. ನಿಜಲಿಂಗಪ್ಪನವರ ಚರಿತ್ರೆಯನ್ನು ಬರೆಯತಕ್ಕವರು ಕಂಠಿಯವರಿಗೆ ಒಂದು ಅಡಿಟಿಪ್ಪಣಿಯನ್ನು ಕೊಟ್ಟು ಸುಮ್ಮನಾಗುವುದು ನಮಗೆ ಸರಿಯೆಂದು ತೋರುವುದಿಲ್ಲ.

ಈಗ ಬಾಗೂರಿನ ವಾಚಕರ ಪ್ರಶ್ನೆಗೆ ಬರೋಣ. ಈ ಸಂಗತಿಯಲ್ಲಿ ಒಂದು ಆಕ್ಷೇಪಣೆ ಇದ್ದೇ ಇದೆ. ಅದನ್ನು ಮುಚ್ಚಿಡುವುದು ಧರ್ಮವಲ್ಲ. ನೆರೆಹೊರೆಯವರು ಬೇಡವೆಂದ ಮನುಷ್ಯನು ದೂರದ ಊರಿನಿಂದ ಗೆದ್ದು ಬಂದು ಅದೇ ನೆರೆಹೊರೆಯವರನ್ನು ಆಳಬಹುದೇ? ಹಾಗಾದರೆ ಹೊಸದುರ್ಗದ ತೀರ್ಪಿಗೆ ಬೆಲೆಯೇನು?

ಇಂತಹ ಪ್ರಶ್ನೆಯನ್ನು ಅಮೇರಿಕಾ ಸಂಯುಕ್ತ ಸಂಸ್ಥಾನದವರು ತಮ್ಮ ಗಣರಾಜ್ಯದ ಆದಿಯಲ್ಲಿಯೇ ಎದುರಿಸಿದರು. ೧೭೮೭ರಲ್ಲಿ ಅವರು ರಚಿಸಿಕೊಂಡ ರಾಜ್ಯಾಂಗದಲ್ಲಿ, ಪ್ರತಿನಿಧಿಸಭೆಯ ಸದಸ್ಯನು ತಾನು ಪ್ರತಿನಿಧಿಸುವ ಸಂಸ್ಥಾನದ ನಿವಾಸಿಯಾಗಿರಬೇಕೆಂದು ವಿಧಿಸಿದರು. ಅಷ್ಟೇ ಅಲ್ಲದೆ, ಆಯಾ ಕ್ಷೇತ್ರದಲ್ಲಿಯೇ ಮನೆಯುಳ್ಳವನಾಗಿರಬೇಕೆಂಬ ರೂಢಿಯೂ ಬೆಳೆಯಿತು. ಅಲ್ಲಿ ಸ್ವಂತ ಊರಿನವರ ವಿಶ್ವಾಸವನ್ನು ಕಳೆದುಕೊಂಡವನಿಗೆ ಬಾಗಿಲುಕೋಟೆ ಇಲ್ಲ. ಅವರ ಆರನೆಯ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸ್ ಎಂಬಾತನ ಉದಾಹರಣೆ ಇಲ್ಲಿ ನೆನಪಾಗುವುದು. ಈತನು ಎರಡನೆಯ ಅಧ್ಯಕ್ಷನ ಮಗ, ವಿದ್ವಾಂಸ, ದೇಶವಿದೇಶಗಳಲ್ಲಿ ರಾಯಭಾರಿಯಾಗಿದ್ದವನು. ೧೮೨೮ರಲ್ಲಿ ಇಡೀ ದೇಶ ಈತನನ್ನು ತಿರಸ್ಕರಿಸಿ ಆಂಡ್ರೂ ಜಾಕ್‌ಸನ್ನನನ್ನು ಆರಿಸಿತು. ಆಗ ಆತನ ಕೈಯನ್ನು ಹಿಡಿದವರು ಮ್ಯಾಸಚುಸೆಟ್ಸಿನ ಸ್ವಂತ ಸೀಮೆಯ ಜನ. ದೇಶದ ಅಧ್ಯಕ್ಷನಾಗಿದ್ದವನು ೧೮೩೧ರಲ್ಲಿ ಪ್ರತಿನಿಧಿಸಭೆಯ ಸಾಮಾನ್ಯ ಸದಸ್ಯನಾಗಿ ಕುಳಿತನು. ಗುಲಾಮಗಿರಿಯ ವಿರುದ್ಧವಾದ ಅರ್ಜಿಗಳನ್ನು ಚರ್ಚೆಗೇ ತೆಗೆದುಕೊಳ್ಳಕೂಡದೆಂಬ ನಿಯಮವನ್ನು ೧೮೩೬ರಲ್ಲಿ ಆ ಸಭೆ ಮಾಡಿಕೊಂಡಿತ್ತು. ಮುದುಕ ಆಡಮ್ಸನು ಎಂಟು ವರ್ಷ ಹೋರಾಡಿ ೧೮೪೪ರಲ್ಲಿ ಅದನ್ನು ರದ್ದು ಮಾಡಿಸಿದನು. ೧೮೪೮ರಲ್ಲಿ ಆ ಸಭೆಯಲ್ಲಿಯೇ ಕುಸಿದು ಬಿದ್ದು ಎರಡು ದಿನಗಳಲ್ಲಿ ಅಲ್ಲಿಯೇ ಪ್ರಾಣ ಬಿಟ್ಟನು. ಅಧ್ಯಕ್ಷತೆಗಿಂತ ಆ ಹದಿನೇಳು ವರ್ಷಗಳೇ ಆತನಿಗೆ ಹೆಚ್ಚು ಕೀರ್ತಿಯನ್ನು ತಂದುವು. ನಮ್ಮವರ ಕಥೆ ಇದಕ್ಕೆ ತದ್ವಿರುದ್ಧ. ಆಡಮ್ಸನನ್ನು ದೇಶ ಬಿಟ್ಟಿತು, ಊರು ಹಿಡಿಯಿತು. ನಿಜಲಿಂಗಪ್ಪನವರನ್ನು ಊರು ಬಿಟ್ಟಿತು, ನಾಡು ಹಿಡಿಯಿತು.

ನಮ್ಮ ರಾಜ್ಯಾಂಗವನ್ನು ಬರೆದವರು ಅಮೇರಿಕದವರ ಆ ನಿಯಮವನ್ನು ಅಳವಡಿಸಿಕೊಳ್ಳಲಿಲ್ಲ. ವಿಧಾನಸಭೆಗೆ ನಿಲ್ಲತಕ್ಕವನು ಆ ರಾಜ್ಯದ ಯಾವುದಾದರೊಂದು ಕ್ಷೇತ್ರದಲ್ಲಿ ಮತದಾರನಾಗಿದ್ದರೆ ಸಾಕೆಂದು ನಮ್ಮ ಕಾನೂನು ಹೇಳುವುದು. ಈ ಸೌಕರ್ಯದ ದುರುಪಯೋಗವನ್ನು ನಾವು ಪ್ರತಿದಿನ ಕಾಣುತ್ತಿರುವೆವು. ಒಂದೇ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಲ್ಲಿ ನಿಲ್ಲುವುದು, ಎರಡೂ ಕಡೆ ಗೆದ್ದು ಒಂದನ್ನು ತೊರೆದು ಉಪಚುನಾವಣೆಯ ಖರ್ಚನ್ನು ಜನರ ತಲೆಗೆ ಕಟ್ಟುವುದು, ಇವೆಲ್ಲ ಧೀರರು ಮಾಡುವ ಕೆಲಸವಲ್ಲ. ಆದರೆ ಆ ಸೌಕರ್ಯವೇ ಇಲ್ಲದಿದ್ದರೆ ಏಕೀಕೃತ ಕರ್ನಾಟಕವೆಂಬುದು ಕ್ಷೇತ್ರಗಳ ಒಂದು ಮೂಟೆಯಾಗಿ ಉಳಿಯುತ್ತಿತ್ತು. ೧೯೫೬ಕ್ಕೆ ಮುಂಚೆ ಬಾಗಿಲುಕೋಟೆ ಇದ್ದುದು ಮುಂಬಯಿ ಸರ್ಕಾರದ ಬಿಜಾಪುರ ಜಿಲ್ಲೆಯಲ್ಲಿ; ಹೊಸದುರ್ಗ ಇದ್ದುದು ಮೈಸೂರಿನಲ್ಲಿ. ಆರೇ ವರ್ಷಗಳಲ್ಲಿ, ಹೊಸದುರ್ಗದಲ್ಲಿ ಸೋತವರಿಗೆ ಬಾಗಿಲುಕೋಟೆಯವರು, 'ಇವರು ನಮ್ಮವರು' ಎಂದು ಮತ ಹಾಕಿದರು. ಬಿಜಾಪುರ ಜಿಲ್ಲೆಯವರಾದ ಕಂಠಿಯವರು ಚಿತ್ರದುರ್ಗದವರಿಗಾಗಿ ಕುರ್ಚಿಯನ್ನು ಬಿಟ್ಟರು. ಹಳೆಯ ಮೈಸೂರಿನವರು ಏಕೀಕರಣಕ್ಕೆ ಮುಂಚೆ ಯಾವ ಜನರೊಡನೆ ಸೇರಲು ಹೆದರುತ್ತಿದ್ದರೋ ಆ ಜನರೇ ಹಳೆಯ ಮೈಸೂರಿನಲ್ಲಿ ನೆಲೆಸಿದವರೊಬ್ಬರನ್ನು ಎತ್ತಿ ಹಿಡಿದರು. ೧೯೫೬ರ ನವೆಂಬರಿನಲ್ಲಿ ಕಾಗದದ ಮೇಲೆ ಆದ ಏಕೀಕರಣವು ಜನರ ಮನಸ್ಸಿನಲ್ಲಿ ಆಯಿತೇ ಇಲ್ಲವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾವು ಕಂಡಿಲ್ಲ. ಮುಂದೆ ೧೯೬೭ರಲ್ಲಿ ಅವರು ಆರಿಸಿ ಬಂದುದು ಧಾರವಾಡ ಜಿಲ್ಲೆಯ ಶಿಗ್ಗಾವಿಯಿಂದ.

ಹೊಸದುರ್ಗದವರು ಸೋಲಿಸದೆ ಇದ್ದಿದ್ದರೆ ಈ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ.

ಆದರೂ ಸೋಲಿನ ಯೋಗ್ಯತೆಯನ್ನು ಬಾಗಿಲುಕೋಟೆಯ ಗೆಲುವಿನಿಂದ ಮಾತ್ರ ಅಳೆಯುವುದು ನ್ಯಾಯವಾಗದು. ಅದಕ್ಕೆ ತನ್ನದೇ ಆದ ಯೋಗ್ಯತೆಯಿದೆ. ರಾಜ್ಯದಲ್ಲಿ ಆಗ ಸರ್ಕಾರ ಕಾಂಗ್ರೆಸಿನದು, ಕೇಂದ್ರದಲ್ಲಿ ಕಾಂಗ್ರೆಸಿನದು. ಹೀಗಿರಲು ಆ ಪಕ್ಷದ ಅಗ್ರನಾಯಕನನ್ನು ಹಳ್ಳಿಯ ಒಕ್ಕಲಿಗನು, ಕುರುಬನು, ಗೊಲ್ಲನು, ಲಿಂಗಾಯತನು, ದಲಿತನು ಗುಪ್ತಮತದಿಂದ ಸೋಲಿಸಬಹುದೆಂಬುದೂ, ಸೋತ ನಾಯಕನು ಅದನ್ನು ಒಪ್ಪಿಕೊಂಡು ಮತ್ತೊಂದು ಊರಿನ ಜನರ ಮುಂದೆ ಹೋಗಿ ಮತವನ್ನು ಬೇಡಬೇಕಾಯಿತೆಂಬುದೂ ಸಣ್ಣ ವಿಷಯಗಳಲ್ಲ. ತುರುವನೂರಿನಲ್ಲಿ ಈಚಲ ಮರಕ್ಕೆ ಕೊಡಲಿಯೆತ್ತಿದವರು ಯಾವ ಅಧಿಕಾರಕ್ಕಾಗಿ ಸೆರೆಮನೆಯನ್ನು ಸೇರಿದರೋ ಆ ಅಧಿಕಾರವನ್ನು ಹೊಸದುರ್ಗದವರು ಚಲಾಯಿಸಿದರು. ಅದು ಹೋರಾಟಗಾರನ ವಿರುದ್ಧವೇ ಚಲಾವಣೆಯಾಯಿತೆಂಬುದು ವಿಧಿಯ ಹಾಸ್ಯ. ಶ್ರೀ ಕಾಮರಾಜರಂತಹವರು ೧೯೬೭ರಲ್ಲಿ ತಮ್ಮ ಹುಟ್ಟೂರಾದ ವಿರುದುನಗರದಲ್ಲಿಯೇ ಸೋತರು. ೧೯೬೯ರಲ್ಲಿ ನಾಗರಕೋವಿಲಿನವರು ಅವರನ್ನು ಲೋಕಸಭೆಗೆ ಕಳುಹಿಸಿದರು. ವಿರುದುನಗರವನ್ನು ಈ ಕಾರಣಕ್ಕಾಗಿ ಯಾರಾದರೂ ಹೀಯಾಳಿಸುವರೇ?

೧೯೬೨ರ ಜೂನಿನಿಂದ ೧೯೬೮ರ ಮೇ ತಿಂಗಳವರೆಗೆ ನಿಜಲಿಂಗಪ್ಪನವರ ಎರಡನೆಯ ಆಡಳಿತ. ೧೯೬೩ರಲ್ಲಿ ರಾಜ್ಯದ ಅಧಿಕೃತ ಭಾಷೆಯ ಶಾಸನವಾಗಿ ಕನ್ನಡಕ್ಕೆ ಕಾನೂನಿನ ಪೀಠ ದೊರೆಯಿತು. ಪೀಠದ ಮೇಲೆ ಎಷ್ಟು ಮಟ್ಟಿಗೆ ಕುಳಿತಿತೆಂಬುದು ಬೇರೆ ಪ್ರಶ್ನೆ. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಅದೇ ವರ್ಷ ಮೇ ತಿಂಗಳಲ್ಲಿ ಆಲಮಟ್ಟಿಯಲ್ಲಿ ಶ್ರೀ ಲಾಲ್ ಬಹಾದೂರ್ ಶಾಸ್ತ್ರಿಗಳು ಕೃಷ್ಣೆಗೆ ಅಡಿಗಲ್ಲನ್ನಿಟ್ಟರು. ಆ ಅಡಿಗಲ್ಲಿನ ಮೇಲೆ ಅಣೆಕಟ್ಟು ಪೂರ್ಣವಾಗಲು ನಾಲ್ಕು ದಶಕಗಳಷ್ಟು ಕಾಲ ಹಿಡಿದುದು ಮುಂದಿನ ಸರ್ಕಾರಗಳ ಲೆಕ್ಕಕ್ಕೆ ಸೇರತಕ್ಕದ್ದು. ಶರಾವತಿಯ ವಿದ್ಯುತ್ತು ನಾಡಿನ ಕಾರ್ಖಾನೆಗಳಿಗೆ ಹರಿದುದೂ ಈ ಅವಧಿಯಲ್ಲಿಯೇ. ಮಹಾರಾಷ್ಟ್ರದೊಡನೆ ಗಡಿಯ ವ್ಯಾಜ್ಯವನ್ನು ತೀರಿಸಲು ೧೯೬೬ರಲ್ಲಿ ಮಹಾಜನ ಆಯೋಗ ನೇಮಕವಾಯಿತು. ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯತಕ್ಕದ್ದೆಂದೂ ಕಾಸರಗೋಡು ಕರ್ನಾಟಕಕ್ಕೆ ಸೇರತಕ್ಕದ್ದೆಂದೂ ಅದು ೧೯೬೭ರಲ್ಲಿ ಶಿಫಾರಸು ಮಾಡಿತು. ಆಯೋಗವನ್ನು ಕೇಳಿದವರೇ ಅದರ ತೀರ್ಪನ್ನು ಒಪ್ಪದೆ ಹೋದರು. ಕಾಸರಗೋಡು ಇಂದಿಗೂ ಕೇರಳದಲ್ಲಿದೆ.

೧೯೬೮ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸಿನ ಅಧ್ಯಕ್ಷರಾದರು. ಇಲ್ಲಿಂದ ಮುಂದಿನ ಕಥೆ ದುಃಖದ ಕಥೆ. ೧೯೬೯ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೇರಿದ ನಾಯಕರು ರಾಷ್ಟ್ರಾಧ್ಯಕ್ಷ ಪದವಿಗೆ ಶ್ರೀ ಸಂಜೀವ ರೆಡ್ಡಿಯವರ ಹೆಸರನ್ನು ನಿಶ್ಚಯಿಸಿದರು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಹಣಕಾಸಿನ ಖಾತೆಯನ್ನು ಮೊರಾರ್ಜಿಯವರಿಂದ ತೆಗೆದುಕೊಂಡು, ಜುಲೈ ೧೯ರಂದು ೧೪ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಮತದಾನವು ಆತ್ಮಸಾಕ್ಷಿಯಂತೆ ನಡೆಯಲೆಂದರು. ಆಗಸ್ಟಿನಲ್ಲಿ ಶ್ರೀ ವಿ.ವಿ. ಗಿರಿಯವರು ಗೆದ್ದರು. ನವೆಂಬರ್ ೧೨ರಂದು ನಿಜಲಿಂಗಪ್ಪನವರ ಕಡೆಯ ಕಾರ್ಯಸಮಿತಿಯು ಪ್ರಧಾನಮಂತ್ರಿಯನ್ನೇ ಪಕ್ಷದಿಂದ ಹೊರಹಾಕಿತು. ಶಿಸ್ತಿನ ಪುಸ್ತಕವನ್ನು ತೆರೆದು ನೋಡಿದರೆ ಅವರ ಪಕ್ಷದಲ್ಲಿ ನ್ಯಾಯವಿತ್ತು. ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿದ ಪ್ರಧಾನಿಯನ್ನು ಅಧ್ಯಕ್ಷನಾದವನು ಕೇಳದಿದ್ದರೆ ಕೇಳುವವರು ಯಾರು? ಆದರೆ ಸಂಜೀವ ರೆಡ್ಡಿಯವರಿಗಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರೊಡನೆ ಮಾತುಕತೆಗೆ ಹೋದುದು ಅವರ ನೈತಿಕ ಬಲವನ್ನು ಕುಗ್ಗಿಸಿತೆಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ದೊಡ್ಡ ಲೋಪವೊಂದಿದೆ. ೧೯೬೨ರಲ್ಲಿ ಸೋತಾಗ ಅವರು ಜನರ ಬಳಿಗೆ ಹೋದರು. ೧೯೬೯ರಲ್ಲಿ ಸಮಿತಿಯ ಕೊಠಡಿಯನ್ನು ನೆಚ್ಚಿದರು. ಸಮಿತಿಯಲ್ಲಿ ಗೆದ್ದುದನ್ನು ಜನರ ನಡುವೆ ಕಳೆದುಕೊಂಡರು. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಅವರ ಕಾಂಗ್ರೆಸಿಗೆ ಇಡೀ ದೇಶದಲ್ಲಿ ಬಂದ ಸ್ಥಾನಗಳು ೧೬. ಅವರು ಮೊದಲ ಮುಖ್ಯಮಂತ್ರಿಯಾಗಿದ್ದ ಮೈಸೂರು ರಾಜ್ಯದ ೨೭ ಸ್ಥಾನಗಳಲ್ಲಿ ೨೭ನ್ನೂ ಇಂದಿರಾ ಗಾಂಧಿಯವರ ಪಕ್ಷ ಗೆದ್ದುಕೊಂಡಿತು. ಹೊಸದುರ್ಗ ಒಂದು ತಾಲ್ಲೂಕಾದರೆ ಇದು ಸಮಸ್ತ ನಾಡು. ಈ ಸಲ ಸ್ಥಾನ ಬಿಟ್ಟುಕೊಡುವ ಬಾಗಿಲುಕೋಟೆ ಎಲ್ಲಿಯೂ ಇರಲಿಲ್ಲ. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವೂ ಇನ್ನೊಂದು ಬಣವೇ ನಿಜವಾದ ಕಾಂಗ್ರೆಸೆಂಬ ನಿರ್ಣಯವನ್ನು ಎತ್ತಿ ಹಿಡಿಯಿತು.

ಆಮೇಲೆ ಅವರು ಸುಮಾರು ಮೂವತ್ತು ವರ್ಷ ಬದುಕಿದ್ದರು. ಅಧಿಕಾರ ಹೋದ ಮೇಲೆ ರಾಜಧಾನಿಯಲ್ಲಿ ಬೇರೂರಿ ಶಿಷ್ಯರ ಬಾಗಿಲಲ್ಲಿ ಕಾಯುವುದು ಅವರ ಜಾಯಮಾನವಾಗಿರಲಿಲ್ಲ. ವಕೀಲಿಯನ್ನು ಆರಂಭಿಸಿದ್ದ ಚಿತ್ರದುರ್ಗವೇ ಕೊನೆಯವರೆಗೂ ಅವರ ಊರಾಯಿತು. ೨೦೦೦ದ ಆಗಸ್ಟ್ ೮ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ತೊಂಬತ್ತೇಳು ವರ್ಷ. ದುರ್ಗದ ಸಮೀಪ ಸೀಬಾರದಲ್ಲಿ ಹೆದ್ದಾರಿಯ ಬದಿಗೆ ಅವರ ಸ್ಮಾರಕವಿದೆ. ಬಾಗಿಲುಕೋಟೆಯವರು ತಮ್ಮ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಅವರ ಹೆಸರನ್ನು ಇಟ್ಟುಕೊಂಡಿರುವರು.

ಡಿಸೆಂಬರ್ ೧೦ ಬಂದಿತೆಂದರೆ ಜಿಲ್ಲೆಯಲ್ಲಿ ಜಯಂತಿಯ ಸಭೆಗಳು ನಡೆಯುವುವು. ಭಾಷಣಕಾರರು ೧೯೫೬ರಿಂದ ನೇರವಾಗಿ ೧೯೬೮ಕ್ಕೆ ಹಾರುವುದನ್ನು ನಾವು ಬಹು ವರ್ಷಗಳಿಂದ ಕೇಳುತ್ತಿರುವೆವು. ಹೊಸದುರ್ಗದ ಹೆಸರು ಬಂದರೆ ವೇದಿಕೆಯ ಮೇಲಿನವರಿಗೆ ಸಂಕೋಚ, ಕೆಳಗೆ ಕುಳಿತ ನಮ್ಮ ತಾಲ್ಲೂಕಿನವರಿಗೂ ಸಂಕೋಚ. ಮುಂದಿನ ಜಯಂತಿಯನ್ನು ಬಾಗೂರಿನವರೇ ಮುಂದಾಗಿ ಚನ್ನಕೇಶವಸ್ವಾಮಿಯ ದೇವಾಲಯವಿರುವ ತಮ್ಮ ಊರಿನಲ್ಲಿ ಏರ್ಪಡಿಸಿದರೆ ನಮಗೆ ಸಂತೋಷವಾಗುವುದು. ೧೯೬೨ರ ವರ್ಷವನ್ನು ಆ ಸಭೆಯಲ್ಲಿ ದಾಟಿಸಬಾರದು. ಕಂಠಿಯವರ ಹೆಸರೂ ಮುರನಾಳರ ಹೆಸರೂ ಅಲ್ಲಿ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಆ ಚುನಾವಣೆಯಲ್ಲಿ ಗೆದ್ದ ಶ್ರೀ ಜಿ.ಟಿ. ರಂಗಪ್ಪನವರನ್ನು ಸಭಿಕರು ನೆನೆಯಬೇಕು. ಸೋತವರ ಹೆಸರು ರಸ್ತೆಗಳಿಗೂ ಕಾಲೇಜುಗಳಿಗೂ ಇದೆ. ಗೆದ್ದವರ ಹೆಸರನ್ನು ಹೊಸದುರ್ಗದ ಶಾಲೆಗಳಲ್ಲಿ ಓದುತ್ತಿರುವ ಎಷ್ಟು ಮಂದಿ ಹುಡುಗರು ಕೇಳಿರುವರೆಂಬುದನ್ನು ಪತ್ರ ಬರೆದ ಮಹಾಶಯರು ವಿಚಾರಿಸಿ ನಮಗೆ ತಿಳಿಸುವರಾಗಿ ನಂಬಿರುವೆವು.